ಸಮುದ್ರದ ಲೈಸೆನ್ಸ್ ಆಗಲಿ, ಊರ ಕೆರೆ ಗುತ್ತಿಗೆ ಆಗಲಿ, ಲೆಕ್ಕ ಜನರ ಮುಂದೆ ಬರುವುದು ಹೇಗೆ?

ಹೊಳೆಸಾಲಿನ ಹುಡುಗಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ ರೀ. ನಾನು ಧಾರವಾಡದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಊರು ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆ ಮೇಲೆ. ನಮ್ಮ ವಿಭಾಗದ ಸೆಮಿನಾರ್‌ಗೆ ನಾನು ತೆಗೆದುಕೊಂಡ ವಿಷಯ ಕಡಲತೀರದ ಬಡ ದೇಶಗಳಲ್ಲಿ ಮೀನುಗಾರಿಕೆ ಆಡಳಿತದ ಪಾರದರ್ಶಕತೆ. ಸಮುದ್ರವೇ ಇಲ್ಲದ ಜಿಲ್ಲೆಯವಳಿಗೆ ಇದೇಕೆ ಬೇಕಿತ್ತು ಅಂತ ಗೆಳತಿಯರು ಕೇಳಿದರು. ಕಾರಣ ನಮ್ಮೂರ ಕೆರೆ.

ನಮ್ಮದು ಅಂಬಿಗರ ಮನೆತನ. ಅಪ್ಪ ಹೊಳೆಯಲ್ಲೂ ಬಲೆ ಹಾಕುತ್ತಾರೆ, ಕೆರೆಯಲ್ಲೂ ಹಾಕುತ್ತಾರೆ. ಊರಲ್ಲಿ ಮೀನುಗಾರರ ಸಹಕಾರ ಸಂಘ ಇದೆ, ಅಪ್ಪ ಅದರ ಸದಸ್ಯರು. ಕೆರೆಯ ಮೀನು ಪಾಶುವಾರು ಹಕ್ಕು, ಅಂದರೆ ಮೀನು ಹಿಡಿಯುವ ಗುತ್ತಿಗೆ, 5 ವರ್ಷಕ್ಕೆ ಸಂಘದ ಹೆಸರಲ್ಲೇ ಆಗಿದೆ. ಆದರೆ ಕೆರೆಗೆ ಮರಿ ಬಿಡಿಸುವವರು, ಕಾವಲಿಗೆ ಆಳು ಇಟ್ಟವರು, ಮೀನು ತೂಗಿಸಿ ಗಾಡಿಗೆ ಹಾಕಿಸುವವರು ಬೇರೆ ಊರಿನ ಒಬ್ಬ ಗುತ್ತಿಗೆದಾರರು. ಸಂಘದ ಸದಸ್ಯರು ತಮ್ಮದೇ ಕೆರೆಯಲ್ಲಿ ಅವರ ಕೈಕೆಳಗೆ ಕೂಲಿಗೆ ಬಲೆ ಎಳೆಯುತ್ತಾರೆ. ಅವರಿಗೂ ಸಂಘಕ್ಕೂ ಏನು ಮಾತಾಯಿತು, ಎಷ್ಟು ದುಡ್ಡು ಬಂತು, ಯಾರ ಖಾತೆಗೆ ಬಂತು ಅನ್ನುವುದು ಸದಸ್ಯರಿಗೇ ಗೊತ್ತಿಲ್ಲ. ಅಪ್ಪ ಸಭೆಯಲ್ಲಿ ಕೇಳಿದರೆ ಕಾಗದ ಎಲ್ಲಾ ಆಫೀಸಿನಲ್ಲಿದೆ ಅನ್ನುತ್ತಾರೆ. ಆಫೀಸಿಗೆ ಹೋದರೆ ಸಂಘದಲ್ಲಿ ಕೇಳಿ ಅನ್ನುತ್ತಾರೆ.

ಸೆಮಿನಾರ್‌ಗೆ ಅಂತ ಆಫ್ರಿಕಾದ ದೇಶಗಳ ಬಗ್ಗೆ ಓದುತ್ತಿದ್ದರೆ ಅಲ್ಲೂ ಇದೇ ಕಥೆ ಕಾಣುತ್ತಿದೆ, ಅಳತೆ ಮಾತ್ರ ದೊಡ್ಡದು. ಹಾಗಾಗಿ ತಿಳಿದವರನ್ನು ಕೇಳುತ್ತಿದ್ದೇನೆ. ಸರ್ಕಾರ ಮೀನುಗಾರಿಕೆ ಬಗ್ಗೆ ನಿಜವಾಗಿ ಏನೇನು ಬಹಿರಂಗ ಮಾಡಬೇಕು? ಮಾಡಿದ ದೇಶಗಳಲ್ಲಿ ಏನಾದರೂ ಬದಲಾಯಿತಾ, ಅಥವಾ ವರದಿ ಬರೆದು ಇಟ್ಟರಾ? ಮತ್ತೆ, ಅದರಲ್ಲಿ ನಮ್ಮ ಕೆರೆಗೆ ಹಿಡಿದುಕೊಳ್ಳುವಂಥದ್ದು ಏನಾದರೂ ಇದೆಯಾ?

ಉತ್ತರ 1: ಕೆಲಗೇರಿ ದಂಡೆ, ಧಾರವಾಡ

ತಂಗಿ, ಒಳ್ಳೆಯ ವಿಷಯ ಹಿಡಿದಿದ್ದೀಯ. ನಾನು ವಿದೇಶಿ ಹಡಗುಗಳ ಮೀನುಗಾರಿಕೆ ಒಪ್ಪಂದಗಳ ಮೇಲೆ ಕೆಲವು ವರ್ಷ ಕೆಲಸ ಮಾಡಿದವಳು, ಈಗ ಇಲ್ಲೇ ಪಾಠ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿಕೋ.

ಮಾರಿಟೇನಿಯಾದಿಂದ ಶುರು ಮಾಡು. ಪಶ್ಚಿಮ ಆಫ್ರಿಕಾದ ಮರಳುಗಾಡಿನ ದೇಶ. ನೆಲದಲ್ಲಿ ಬೆಳೆ ಕಡಿಮೆ, ಕಡಲಲ್ಲಿ ಮೀನು ಭಾಳ. 2011ರಲ್ಲಿ ಅಲ್ಲಿನ ಸಂಸತ್ತು ಒಂದು ಚೀನಾ ಕಂಪನಿಯ ಜೊತೆ 25 ವರ್ಷದ ಮೀನುಗಾರಿಕೆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. 25 ವರ್ಷ ಅಂದರೆ ಒಬ್ಬ ಮೀನುಗಾರನ ದುಡಿಯುವ ಆಯುಷ್ಯವೇ ಆಯಿತು. ದೊಡ್ಡ ವಿರೋಧ ಬಂತು. ಅದೇ ದೇಶದ ಅಧ್ಯಕ್ಷ ಮೊಹಮ್ಮದ್ ಉಲ್ದ್ ಅಬ್ದೆಲ್ ಅಜೀಜ್ 2015ರ ಜನವರಿಯಲ್ಲಿ ರಾಜಧಾನಿ ನುವಾಕ್‌ಶೋಟ್‌ನಲ್ಲಿ ಒಂದು ಮಾತು ಕೊಟ್ಟರು: ಮೀನುಗಾರಿಕೆ ಒಪ್ಪಂದಗಳನ್ನೆಲ್ಲ ಪ್ರಕಟಿಸುತ್ತೇವೆ, ಬೇರೆ ಕಡಲತೀರದ ದೇಶಗಳೂ ಹೀಗೇ ಮಾಡಲಿ. ಅಲ್ಲಿಂದ ಹುಟ್ಟಿದ್ದು ಫಿಷರೀಸ್ ಟ್ರಾನ್ಸ್‌ಪರೆನ್ಸಿ ಇನಿಶಿಯೇಟಿವ್, ಚಿಕ್ಕದಾಗಿ ಫಿಟಿ. ಅದರ ನಿಯಮಗಳು 2017ರಲ್ಲಿ ಇಂಡೋನೇಷ್ಯಾದ ಬಾಲಿಯಲ್ಲಿ ಹೊರಬಂದವು. ಅದರ ಕಚೇರಿ ಈಗ ಹಿಂದೂ ಮಹಾಸಾಗರದ ದ್ವೀಪ ದೇಶ ಸೀಶೆಲ್ಸ್‌ನಲ್ಲಿದೆ.

ಫಿಟಿ 12 ವಿಷಯ ಕೇಳುತ್ತದೆ. ಕಾನೂನುಗಳು, ಮೀನು ಹಿಡಿಯುವ ಹಕ್ಕು ಯಾವ ನಿಯಮದ ಮೇಲೆ ಯಾರಿಗೆ ಸಿಗುತ್ತದೆ ಅನ್ನುವುದು, ವಿದೇಶಿ ಒಪ್ಪಂದಗಳು, ಮೀನಿನ ಸಂಪತ್ತು ಎಷ್ಟು ಉಳಿದಿದೆ ಅನ್ನುವ ಅಂದಾಜು, ದೊಡ್ಡ ಹಡಗುಗಳ ಪಟ್ಟಿ ಮತ್ತು ಅವು ಕಟ್ಟಿದ ಹಣ, ಸಣ್ಣ ಮೀನುಗಾರರ ವಿವರ, ಹಿಡಿದ ಮೇಲಿನ ವ್ಯಾಪಾರ, ದಂಡ ಮತ್ತು ಕೇಸುಗಳು, ಕಾರ್ಮಿಕರ ಸ್ಥಿತಿ, ಸಬ್ಸಿಡಿ, ಹೊರದೇಶದ ನೆರವು, ಕೊನೆಗೆ ನಿಜವಾದ ಮಾಲೀಕರು ಯಾರು ಅನ್ನುವುದು. ಈ 12 ಎಲ್ಲವೂ ಒಂದೇ ತೂಕದವಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೆಮಿನಾರ್‌ನಲ್ಲಿ ಹನ್ನೆರಡನ್ನೂ ಸಾಲಾಗಿ ಓದಬೇಡ, ಕೇಳುವವರು ನಿದ್ದೆ ಹೋಗುತ್ತಾರೆ. ನಾಲ್ಕು ಹಿಡಿ: ಪರವಾನಗಿ ಪಟ್ಟಿ, ಒಪ್ಪಂದದ ಪೂರ್ತಿ ಕಾಗದ, ಬಂದ ಹಣ, ನಿಜವಾದ ಮಾಲೀಕ. ಈ ನಾಲ್ಕು ಬಹಿರಂಗ ಆಗದಿದ್ದರೆ ಉಳಿದ ಎಂಟಕ್ಕೆ ಬೆಲೆ ಕಡಿಮೆ.

ಯಾಕೆ ಅಂತ ಹೇಳುತ್ತೇನೆ. ಘಾನಾ ನೋಡು. ಅಲ್ಲಿ ಟ್ಯೂನಾ ದೋಣಿ ಬಿಟ್ಟು ಬೇರೆ ಟ್ರಾಲರ್‌ಗಳಲ್ಲಿ (ದೊಡ್ಡ ಬಲೆ ಎಳೆಯುವ ಹಡಗುಗಳಲ್ಲಿ) ವಿದೇಶಿಯರ ಮಾಲೀಕತ್ವ ಇರಬಾರದು ಅಂತ ಕಾನೂನು ಇದೆ. ಲೈಸೆನ್ಸ್ ಪಟ್ಟಿ ತೆಗೆದು ನೋಡಿದರೆ ಎಲ್ಲಾ ಘಾನಾದ ಕಂಪನಿಗಳ ಹೆಸರೇ. ಆದರೆ ಹಡಗು ಕಟ್ಟಿಸಿದವರು, ಲಾಭ ಒಯ್ಯುವವರು ಬಹುತೇಕ ಚೀನಾದವರು. ಸ್ಥಳೀಯ ಕಂಪನಿ ಬರೀ ಹೆಸರು ಕೊಡುತ್ತದೆ. ಆ ಟ್ರಾಲರ್‌ಗಳು ಸಣ್ಣ ದೋಣಿಯವರ ಪಾಲಿನ ಮೀನನ್ನೇ ಹಿಡಿದು, ಕಡಲ ನಡುವೆಯೇ ಹೆಪ್ಪುಗಟ್ಟಿಸಿ, ಅದನ್ನು ಬೇರೆ ದೋಣಿಗಳಿಗೆ ದಾಟಿಸಿ ದಂಡೆಯಲ್ಲಿ ಮಾರಿಸುತ್ತಿದ್ದವು. ಅಲ್ಲಿನವರು ಅದನ್ನು ಸೈಕೋ ಅಂತ ಕರೆಯುತ್ತಾರೆ. ಕಾನೂನಿನಲ್ಲಿ ನಿಷೇಧ ಇದ್ದರೂ ವರ್ಷಗಟ್ಟಲೆ ನಡೆಯಿತು. 2021ರಲ್ಲಿ ಯೂರೋಪ್ ಒಕ್ಕೂಟ ಘಾನಾಕ್ಕೆ ಎರಡನೇ ಸಲ ಹಳದಿ ಕಾರ್ಡ್ ಕೊಟ್ಟಿತು, ಅಂದರೆ ಸರಿಪಡಿಸಿಕೊಳ್ಳದಿದ್ದರೆ ನಿಮ್ಮ ಮೀನು ನಮಗೆ ಬೇಡ ಅನ್ನುವ ಎಚ್ಚರಿಕೆ. 2025ರ ಹೊಸ ಕಾಯ್ದೆಯಲ್ಲಿ ಸಣ್ಣ ದೋಣಿಗಳಿಗೆ ಮೀಸಲಾದ ಕಡಲನ್ನು 6ರಿಂದ 12 ನಾಟಿಕಲ್ ಮೈಲಿಗೆ ಏರಿಸಿದ್ದಾರೆ. ಈಗ ನೀನು ಬರೆದದ್ದನ್ನು ಮತ್ತೆ ಓದು. ನಿಮ್ಮ ಸಂಘದ ಹೆಸರು, ಬೇರೆಯವರ ಲಾಭ. ಘಾನಾದಲ್ಲಿ ನಡೆದದ್ದು ಅದೇ. ಇದಕ್ಕೆ ನಮ್ಮಲ್ಲಿ ಮೊದಲಿಂದಲೂ ಬೇನಾಮಿ ಅನ್ನುತ್ತೇವೆ.

ಹಣ ಗುಟ್ಟಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮೊಜಾಂಬಿಕ್ ಸಾಕು. 2013ರಲ್ಲಿ ಟ್ಯೂನಾ ಹಿಡಿಯುವ ದೋಣಿ ಕೊಳ್ಳುತ್ತೇವೆ ಅಂತ ಒಂದು ಸರ್ಕಾರಿ ಕಂಪನಿ 85 ಕೋಟಿ ಡಾಲರ್ ಸಾಲ ಎತ್ತಿತು. ಸರ್ಕಾರ ಜಾಮೀನು ನಿಂತಿತು, ಸಂಸತ್ತಿನ ಒಪ್ಪಿಗೆ ಕೇಳಲಿಲ್ಲ. 2016ರಲ್ಲಿ ಇನ್ನೂ ಎರಡು ಮುಚ್ಚಿಟ್ಟ ಸಾಲ ಹೊರಬಿದ್ದವು, ಎಲ್ಲಾ ಸೇರಿ 200 ಕೋಟಿ ಡಾಲರ್ ಆಸುಪಾಸು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ನೆರವು ನಿಲ್ಲಿಸಿತು, ದೇಶದ ನಾಣ್ಯದ ಬೆಲೆ ಕುಸಿಯಿತು, ಅಕ್ಕಿ ಬ್ರೆಡ್ಡು ಕೊಳ್ಳುವ ಬಡವರಿಗೆ ಅದರ ಪೆಟ್ಟು ಬಿತ್ತು. ದೋಣಿಗಳು ಮಾತ್ರ ಮಪುಟೊ ಬಂದರಿನಲ್ಲಿ ಸುಮ್ನೆ ನಿಂತಿದ್ದವು. ಆಗಿನ ಹಣಕಾಸು ಮಂತ್ರಿ ಮ್ಯಾನುಯೆಲ್ ಚಾಂಗ್ ಅವರಿಗೆ 2025ರ ಜನವರಿಯಲ್ಲಿ ನ್ಯೂಯಾರ್ಕ್ ಕೋರ್ಟ್ ಎಂಟೂವರೆ ವರ್ಷ ಶಿಕ್ಷೆ ಕೊಟ್ಟಿತು. ನಮೀಬಿಯಾದ್ದು ಇನ್ನೊಂದು. ಯಾವ ಕಂಪನಿಗೆ ಎಷ್ಟು ಮೀನಿನ ಕೋಟಾ ಅನ್ನುವ ತೀರ್ಮಾನಕ್ಕೆ ಲಂಚ ನಡೆದಿದೆ ಅನ್ನುವ ದಾಖಲೆಗಳು 2019ರ ನವೆಂಬರ್‌ನಲ್ಲಿ ವಿಕಿಲೀಕ್ಸ್ ಮೂಲಕ ಬಂದವು. ಇಬ್ಬರು ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಎರಡೂ ಕಡೆ ಸರ್ಕಾರ ತಾನಾಗಿ ಏನೂ ಹೇಳಲಿಲ್ಲ ನೋಡು. ಒಂದು ಕಡೆ ಪತ್ರಕರ್ತರು, ಸಾಲ ಕೊಟ್ಟವರು ಕೆದಕಿದರು, ಇನ್ನೊಂದು ಕಡೆ ಒಳಗಿನವರು ಕಾಗದ ಹೊರಗೆ ಹಾಕಿದರು.

ಒಳ್ಳೆಯದೂ ಇದೆ. ಫಿಟಿಗೆ ಸೇರಿದ ದೇಶದಲ್ಲಿ ಒಂದು ಸಮಿತಿ ಇರಲೇಬೇಕು. ಅದರಲ್ಲಿ ಸರ್ಕಾರ, ಕಂಪನಿಗಳು, ಮೀನುಗಾರರ ಮತ್ತು ನಾಗರಿಕ ಸಂಘಟನೆಗಳು, ಮೂವರೂ ಸಮನಾಗಿ ಕೂತು ವರದಿ ನೋಡುತ್ತಾರೆ. ಸೀಶೆಲ್ಸ್ 2021ರಲ್ಲಿ ಮೊದಲ ವರದಿ ತಂದಿತು. ಅದೇ ವರ್ಷ ಮಾರಿಟೇನಿಯಾದ್ದೂ ಬಂತು. ನನಗೆ ವರದಿಗಿಂತ ಆ ಸಮಿತಿಯೇ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಮಂತ್ರಿಯ ಎದುರು ಕೂತು ಈ ಅಂಕಿ ಎಲ್ಲಿಂದ ಬಂತು ಅಂತ ಕೇಳುವ ಜಾಗ ಮೀನುಗಾರನಿಗೆ ಮೊದಲ ಸಲ ಸಿಕ್ಕಿತು.

ಉತ್ತರ 2: ಗಣೇಶಪೇಟೆ ಮೀನು, ಹುಬ್ಬಳ್ಳಿ

ನಾನು ಗಣೇಶಪೇಟೆ ಮಾರ್ಕೆಟ್‌ನಲ್ಲಿ ಮೀನು ವ್ಯಾಪಾರ ಮಾಡುವವನು. ಅಕ್ಕಾರು ದೇಶ ವಿದೇಶದ್ದು ಹೇಳಿದರು, ನಾನು ಅಂಗಡಿಯಿಂದ ಕಂಡದ್ದು ಹೇಳುತ್ತೇನೆ.

ನಮಗೆ ಬಂಗಡೆ, ತಾರ್ಲೆ ಎಲ್ಲಾ ಕಾರವಾರ, ಅಂಕೋಲಾ ಕಡೆಯಿಂದ ಅರಬೈಲ್ ಘಾಟ್ ಹತ್ತಿ ಯಲ್ಲಾಪುರದ ಮೇಲೆ ಬರುತ್ತದೆ. ಮಲ್ಪೆ ಮಾಲೂ ಬರುತ್ತದೆ. ಐಸ್ ಹಾಕಿದ ಕ್ರೇಟ್ ಇಳಿಯುತ್ತದೆ, ರೇಟು ಆಗುತ್ತದೆ, ಮುಗಿಯಿತು. ಯಾವ ಬೋಟು ಹಿಡಿಯಿತು, ಯಾವ ಬಲೆಯಲ್ಲಿ, ಎಷ್ಟು ದೂರದಲ್ಲಿ ಅನ್ನುವ ಒಂದು ಚೀಟಿ ಕೂಡ ಅದರ ಜೊತೆ ಇರುವುದಿಲ್ಲ. ಅದೇ ದಂಡೆಯಿಂದ ಯೂರೋಪಿಗೆ ಹೋಗುವ ಮೀನಿಗೆ ಕ್ಯಾಚ್ ಸರ್ಟಿಫಿಕೇಟ್, ಅಂದರೆ ಯಾವ ಬೋಟು ಹಿಡಿಯಿತು ಅನ್ನುವ ದಾಖಲೆ, ಬೇಕೇ ಬೇಕು. 2010ರಿಂದ ಅವರ ಕಾನೂನು ಹಾಗಿದೆ, ನಮ್ಮಲ್ಲಿ ಕಡಲ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಂಪೆಡಾದವರು ಅದನ್ನು ನೋಡಿಕೊಳ್ಳುತ್ತಾರೆ. ಅಂದರೆ ಬರೆದಿಡುವುದು ಆಗದ ಕೆಲಸ ಅಲ್ಲ. ಹೊರಗಿನವರು ಕೇಳಿದರು, ಕೊಟ್ಟೆವು. ನಮ್ಮ ಗಿರಾಕಿ ಕೇಳಲಿಲ್ಲ, ಹಾಗಾಗಿ ಇಲ್ಲ.

ಇದು ಯಾಕೆ ಬೇಕು ಅಂದರೆ, ಬೆರಳುದ್ದದ ಮರಿ ಮೀನು ರಾಶಿ ರಾಶಿ ಹಿಡಿದು ಕರಾವಳಿಯ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ. ಕೋಳಿ ಆಹಾರ, ಸಿಗಡಿ ಆಹಾರ ಆಗುತ್ತದೆ. ಅದೇ ಮರಿ ದೊಡ್ಡದಾಗಿದ್ದರೆ ಬಡವರ ತಾಟಿಗೆ ಬರುತ್ತಿತ್ತು. ಎಷ್ಟು ಟನ್ ಮರಿ ಫ್ಯಾಕ್ಟರಿ ಒಳಗೆ ಹೋಯಿತು ಅನ್ನುವುದನ್ನು ಪ್ರತಿ ಫ್ಯಾಕ್ಟರಿ ಗೇಟಿನಲ್ಲಿ ಬರೆಸಿ ಊರಿಗೆ ಕಾಣುವಂತೆ ಹಾಕಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಈಗ ಬೋಟಿನವರು ನಾವಲ್ಲ ಅನ್ನುತ್ತಾರೆ, ಫ್ಯಾಕ್ಟರಿಯವರು ನಾವಲ್ಲ ಅನ್ನುತ್ತಾರೆ, ಮೀನು ಕಡಿಮೆ ಆದಾಗ ರೇಟು ಏರಿಸಿದ್ದಕ್ಕೆ ಗಿರಾಕಿ ನಮ್ಮನ್ನು ಬೈಯುತ್ತಾರೆ.

ಹೊಳೆಸಾಲಿನ ಹುಡುಗಿ

ಅಕ್ಕಾ, ಅಣ್ಣಾ, ಇಬ್ಬರಿಗೂ ತುಂಬಾ ಉಪಕಾರ. ಘಾನಾದ್ದು ಓದಿ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ: ನಮ್ಮ ಸಂಘದ ಕಾಗದ ನೋಡುವುದಕ್ಕೆ ಯಾವ ಆಫೀಸರಿಗೆ ಅರ್ಜಿ ಹಾಕಬೇಕು? ಸಂಘಕ್ಕೆ ಮಾಹಿತಿ ಹಕ್ಕು ಕಾಯ್ದೆ ಬರುವುದಿಲ್ಲ ಅಂತ ಸಂಘದವರು ಹೇಳಿದ್ದಾರಂತೆ. ಇದು ನಿಜವಾ?

ಉತ್ತರ 3: ಬೆಟಗೇರಿ ಮಾಸ್ತರ, ಗದಗ

ಅರ್ಧ ನಿಜ. ಪೂರ್ತಿ ಓದು.

ಸಹಕಾರ ಸಂಘ ಅಂದ ಮಾತ್ರಕ್ಕೆ ಅದು ಮಾಹಿತಿ ಹಕ್ಕು ಕಾಯ್ದೆಯ ಅಡಿ ಸಾರ್ವಜನಿಕ ಪ್ರಾಧಿಕಾರ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಕೇರಳದ ತಲಪ್ಪಾಲಂ ಸಹಕಾರಿ ಬ್ಯಾಂಕ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಸಂಘದವರು ಹಿಡಿದುಕೊಂಡಿರುವುದು ಇದನ್ನೇ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದಿಲ್ಲ. ಸಹಕಾರ ಇಲಾಖೆಯ ನಿಬಂಧಕರು ಕಾನೂನಿನ ಪ್ರಕಾರ ಸಂಘದಿಂದ ಯಾವ ಮಾಹಿತಿ ತರಿಸಿಕೊಳ್ಳಬಹುದೋ ಆ ಮಾಹಿತಿಯನ್ನು ನಾವು ನಿಬಂಧಕರ ಮೂಲಕ ಕೇಳಬಹುದು. ಲೆಕ್ಕಪರಿಶೋಧನೆ ವರದಿ ಅಂಥದ್ದು. ಇನ್ನು ಅಪ್ಪ ಸ್ವತಃ ಸದಸ್ಯರು. ಸರ್ವಸಾಧಾರಣ ಸಭೆಯಲ್ಲಿ ಲೆಕ್ಕ ಕೇಳುವುದು ಅವರ ಹಕ್ಕು, ಅದಕ್ಕೆ ಯಾವ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಕೂಡ ಬೇಡ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಕೆರೆಯ ಹಕ್ಕನ್ನು ಕೊಟ್ಟದ್ದು ಸಂಘ ಅಲ್ಲ. ದೊಡ್ಡ ಕೆರೆ ಆದರೆ ಮೀನುಗಾರಿಕೆ ಇಲಾಖೆ, ಸಣ್ಣದಾದರೆ ಗ್ರಾಮ ಪಂಚಾಯಿತಿ. ಅವರಿಬ್ಬರೂ ಕಾಯ್ದೆಯ ಒಳಗೇ ಬರುತ್ತಾರೆ. ಹಾಗಾಗಿ ಸಂಘದಲ್ಲಿ ಕೇಳಿ ಅನ್ನುವ ಉತ್ತರ ಕಾನೂನಿನಲ್ಲಿ ನಿಲ್ಲುವುದಿಲ್ಲ. ನನಗೆ ಹೆಚ್ಚು ಹೇಳಬೇಕಾಗಿರುವುದು ಇದು: 2005ರ ಕಾಯ್ದೆಯ ಸೆಕ್ಷನ್ 4(1)(ಬಿ) ತೆಗೆದು ನೋಡಿ. ಯಾರೂ ಅರ್ಜಿ ಹಾಕದೇ ಇದ್ದರೂ ಪ್ರತಿ ಕಚೇರಿ ತಾನಾಗಿ ಪ್ರಕಟಿಸಬೇಕಾದ ವಿಷಯಗಳ ಪಟ್ಟಿ ಅಲ್ಲಿದೆ. ಅದರ 12ನೇ ಅಂಶ ಸಬ್ಸಿಡಿ ಎಷ್ಟು, ಯಾರಿಗೆ ಅನ್ನುವುದು. 13ನೇ ಅಂಶ ರಿಯಾಯಿತಿ, ಪರವಾನಗಿ, ಅನುಮತಿ ಪಡೆದವರ ವಿವರ. ಕೆಲಗೇರಿ ಮೇಡಂ ಹೇಳಿದ ಪರವಾನಗಿ ಪಟ್ಟಿ ಇದೇ ಅಲ್ವಾ? ಫಿಟಿ ಹುಟ್ಟುವುದಕ್ಕೆ 10 ವರ್ಷ ಮೊದಲೇ ನಮ್ಮ ಕಾನೂನಿನಲ್ಲಿ ಬರೆದಿಟ್ಟಿದ್ದೇವೆ. ಎಷ್ಟು ತಾಲೂಕು ಕಚೇರಿಯ ಗೋಡೆ ಮೇಲೆ ಕೆರೆ ಗುತ್ತಿಗೆ ಪಟ್ಟಿ ಕಂಡಿದ್ದೀರಿ ಹೇಳಿ. ನನಗೆ ಸಿಟ್ಟು ಬರುವುದು ಇಲ್ಲೇ. ಸೆಮಿನಾರ್‌ನಲ್ಲಿ ಆಫ್ರಿಕಾಕ್ಕೆ ಪಾಠ ಹೇಳುವ ಮೊದಲು ಈ ಮಾತು ಹೇಳಿಬಿಡು.

ಇನ್ನೊಂದು. ಪ್ರಕಟಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಮಾರಿಟೇನಿಯಾದ ಮೀನುಗಾರರ ಮನೆಮಾತು ಹಸ್ಸಾನಿಯಾ ಅರಬ್ಬಿ, ವೊಲೊಫ್, ಪುಲಾರ್. ಆಡಳಿತದ ಎಷ್ಟೋ ಕಾಗದ ಫ್ರೆಂಚಿನಲ್ಲಿ. ದಪ್ಪ ವರದಿ ಇಂಟರ್ನೆಟ್ಟಿನಲ್ಲಿ ಇದ್ದರೆ ದೋಣಿಯವನಿಗೆ ಏನು ಸಿಕ್ಕಿತು? ಸೆನೆಗಲ್ ಹೋಲಿಸಿ ನೋಡಿ. ಅಲ್ಲಿ ಮೀನುಗಾರರು ನಮ್ಮ ಕಡಲಲ್ಲಿ ಯಾರ ಯಾರ ಹಡಗಿಗೆ ಅನುಮತಿ ಇದೆ ಹೇಳಿ ಅಂತ ವರ್ಷಗಟ್ಟಲೆ ಕೇಳಿದರು. 2024ರಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಮೇ ತಿಂಗಳಲ್ಲಿ ಹಡಗುಗಳ ಪಟ್ಟಿ ಹಾಕಿತು. ಒಂದು ಸರಳ ಪಟ್ಟಿ. ಕಡಲಲ್ಲಿ ಕಂಡ ಹಡಗಿನ ಹೆಸರು ಪಟ್ಟಿಯಲ್ಲಿ ಇದೆಯಾ ಇಲ್ಲವಾ ಅಂತ ದೋಣಿಯಲ್ಲಿ ಕೂತವನೇ ನೋಡಿಕೊಳ್ಳಬಹುದು. ನನ್ನ ಮಟ್ಟಿಗೆ ಅದು ಪಾರದರ್ಶಕತೆ. ಮುನ್ನೂರು ಪುಟದ ವರದಿಗಿಂತ ಅದು ಮೇಲು.

ಉತ್ತರ 4: ಕುಮಟಾ ಟು ಹುಬ್ಬಳ್ಳಿ

ಮಾಸ್ತರರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮ ಮನೆಯವರು ಕುಮಟಾದಲ್ಲಿ ನಾಡದೋಣಿಯವರು, ನಾನು ಕೆಲಸಕ್ಕೆ ಅಂತ ಹುಬ್ಬಳ್ಳಿಗೆ ಬಂದು ಇಲ್ಲೇ ನಿಂತವನು.

ಬಹಿರಂಗ ಅಂದರೆ ಎಲ್ಲರದ್ದೂ ಎಲ್ಲವೂ ಬಹಿರಂಗ ಅಂತ ಆಗಬಾರದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು 7 ಜನರ ಜೊತೆ ಕಾಣೆ ಆಯಿತು. ಅವಶೇಷ ಸಿಕ್ಕಿದ್ದು 2019ರ ಮೇನಲ್ಲಿ, ಮಾಲ್ವಣ್ ಹತ್ತಿರ ಕಡಲ ತಳದಲ್ಲಿ. ಆ ತಿಂಗಳುಗಳಲ್ಲಿ ಕರಾವಳಿಯ ಮನೆಗಳು ಪಟ್ಟ ಪಾಡು ನಾನು ನೋಡಿದ್ದೇನೆ. ಆದ್ದರಿಂದ ಬೋಟು ಎಲ್ಲಿದೆ ಅಂತ ತೋರಿಸುವ ಟ್ರಾನ್ಸ್‌ಪಾಂಡರ್ ಬೇಡ ಅನ್ನುವವನು ನಾನಲ್ಲ. ಕೇಂದ್ರ ಸರ್ಕಾರ 2024ರಲ್ಲಿ 364 ಕೋಟಿ ರೂಪಾಯಿ ಖರ್ಚಿನಲ್ಲಿ 1 ಲಕ್ಷ ದೋಣಿಗಳಿಗೆ ಅದನ್ನು ಹಾಕುವ ಯೋಜನೆ ಶುರು ಮಾಡಿದೆ. ಒಳ್ಳೆಯದೇ. ಆದರೆ ನಾಡದೋಣಿಯವನು ಯಾವ ಜಾಗದಲ್ಲಿ ಬಲೆ ಬಿಡುತ್ತಾನೆ ಅನ್ನುವುದು ಅವನ ಅಪ್ಪ ಅಜ್ಜ ಕಲಿಸಿದ ವಿದ್ಯೆ. ಅದನ್ನು ಊರಿಗೆಲ್ಲ ತೋರಿಸಿದರೆ ಮಾರನೇ ದಿನ ದೊಡ್ಡ ಬೋಟು ಅಲ್ಲೇ ಬಂದು ನಿಲ್ಲುತ್ತದೆ. ಅವನ ಜಾಗ ಕೋಸ್ಟ್ ಗಾರ್ಡ್‌ಗೆ ಗೊತ್ತಿದ್ದರೆ ಸಾಕು.

ದೊಡ್ಡ ಹಡಗಿನ ದಾರಿ ಮಾತ್ರ ಜಗತ್ತಿಗೇ ಕಾಣಬೇಕು. ಇಂಡೋನೇಷ್ಯಾ 2017ರಲ್ಲಿ ಮೊದಲು ಅದನ್ನು ಮಾಡಿತು, ಆಗ ಸುಸಿ ಪುಜಿಯಾಸ್ತುತಿ ಅಲ್ಲಿ ಮೀನುಗಾರಿಕೆ ಮಂತ್ರಿ. ಹಡಗುಗಳ ಟ್ರ್ಯಾಕಿಂಗ್ ಮಾಹಿತಿಯನ್ನು ಗ್ಲೋಬಲ್ ಫಿಶಿಂಗ್ ವಾಚ್ ಅನ್ನುವ ನಕ್ಷೆಯಲ್ಲಿ ಹಾಕಿದರು, ಯಾರು ಬೇಕಾದರೂ ನೋಡಬಹುದಿತ್ತು. ಪೆರು ದೇಶವೂ ಅದೇ ದಾರಿ ಹಿಡಿಯಿತು. ಆದರೂ ಜಗತ್ತಿನ ದೊಡ್ಡ ಮೀನುಗಾರಿಕೆ ಹಡಗುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಥ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ ಅಂತ 2024ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಉಪಗ್ರಹದ ಚಿತ್ರ ಒಂದು ಕಡೆ, ಹಡಗುಗಳು ತಾವೇ ಕಳಿಸುವ ಸಿಗ್ನಲ್ ಇನ್ನೊಂದು ಕಡೆ ಇಟ್ಟು ತಾಳೆ ನೋಡಿ ಕಂಡುಕೊಂಡದ್ದು ಅದು.

ತಂಗಿ, ನಿನ್ನ ಸೆಮಿನಾರ್‌ಗೆ ಬಿಸಿ ವಿಷಯ ಬೇಕಾದರೆ ಇದು. 2025ರ ನವೆಂಬರ್‌ನಲ್ಲಿ ಕೇಂದ್ರ ಹೊಸ ನಿಯಮ ತಂದಿದೆ, ತೀರದ 12 ಮೈಲಿ ಆಚೆಯಿಂದ 200 ಮೈಲಿವರೆಗಿನ ನಮ್ಮ ಆರ್ಥಿಕ ವಲಯದಲ್ಲಿ ಮೀನು ಹಿಡಿಯುವುದಕ್ಕೆ. ಯಂತ್ರದ ದೋಣಿಗಳು ಆನ್‌ಲೈನ್‌ನಲ್ಲಿ ಆಕ್ಸೆಸ್ ಪಾಸ್ ತೆಗೆದುಕೊಳ್ಳಬೇಕು. ಸಾಂಪ್ರದಾಯಿಕ ದೋಣಿಗೆ ಬೇಡ. ವಿದೇಶಿ ಹಡಗಿಗೆ ಅವಕಾಶ ಇಲ್ಲ. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ. ಕೊನೆಯದನ್ನು ಎರಡು ಸಲ ಓದು. ಸಂಘದ ಹೆಸರಲ್ಲಿ ಪಾಸ್, ಹಡಗಿಗೆ ದುಡ್ಡು ಹಾಕಿದವರು ಯಾರೋ ಅಂತ ಆದರೆ ನಿಮ್ಮ ಕೆರೆಯ ಕಥೆ 200 ಮೈಲಿ ಕಡಲಿಗೆ ಹಬ್ಬುತ್ತದೆ. ಇದು ಬರೀ ಅನುಮಾನ ಅಲ್ಲ. 1991ರ ನಂತರ ಆಳ ಸಮುದ್ರಕ್ಕೆ ಜಂಟಿ ಕಂಪನಿಗಳಿಗೆ ಅನುಮತಿ ಕೊಟ್ಟಾಗ ಕಾಗದದಲ್ಲಿ ಭಾರತದ ಕಂಪನಿ, ಕಡಲಲ್ಲಿ ವಿದೇಶಿ ಹಡಗು. ದೇಶದ ಮೀನುಗಾರರು ಬಂದ್ ಮಾಡಿ, ಮೀನುಗಾರರ ಮುಖಂಡ ಥಾಮಸ್ ಕೊಚ್ಚೇರಿ ಉಪವಾಸ ಕೂತು, ಇದನ್ನು ನೋಡಲು ಸರ್ಕಾರದ ಮುರಾರಿ ಸಮಿತಿ ಆಗಿ, 1996ರಲ್ಲಿ ಆ ಸಮಿತಿ ಆ ಅನುಮತಿಗಳನ್ನು ರದ್ದು ಮಾಡಿ ಅಂತ ಹೇಳಿತು. ಆದ್ದರಿಂದ ಪಾಸ್ ಪಡೆದ ಪ್ರತಿ ದೋಣಿಯ ಹೆಸರು, ಸಂಘದ ಹೆಸರು, ಹಣ ಹೂಡಿದವರ ಹೆಸರು, ಮೂರೂ ಒಂದೇ ಸಾಲಿನಲ್ಲಿ ಬರಲಿ ಅಂತ ಈಗಲೇ ಕೇಳಬೇಕು. ಹತ್ತು ವರ್ಷ ಆದ ಮೇಲೆ ಕೇಳಿದರೆ ಮೀನು ಇರುವುದಿಲ್ಲ.

ಕೆಲಗೇರಿ ದಂಡೆ, ಧಾರವಾಡ

ಕುಮಟಾದವರು ಹೇಳಿದ ಮಿತಿ ನನಗೆ ಪೂರ್ತಿ ಒಪ್ಪಿಗೆ. ಮಾಸ್ತರರ ಒಂದು ಮಾತಿಗೆ ಮಾತ್ರ ತಕರಾರು ಇದೆ. ಪಟ್ಟಿ ಸಾಕು, ವರದಿ ಬೇಡ ಅನ್ನುವಂತಿಲ್ಲ. ಸೆನೆಗಲ್‌ನ ಪಟ್ಟಿಯಲ್ಲಿ ಹಡಗಿನ ಹೆಸರು ಸಿಗುತ್ತದೆ. ಆ ಹಡಗು ಎಷ್ಟು ಹಿಡಿಯಿತು, ಅದರ ಹಿಂದೆ ಯಾರಿದ್ದಾರೆ ಅನ್ನುವುದು ಪಟ್ಟಿಯಿಂದ ತಿಳಿಯುವುದಿಲ್ಲ. ಪಟ್ಟಿ ಬಂದ ಅದೇ ತಿಂಗಳು ಯೂರೋಪ್ ಒಕ್ಕೂಟ ಸೆನೆಗಲ್‌ಗೂ ಹಳದಿ ಕಾರ್ಡ್ ಕೊಟ್ಟಿತು, ನಿಗಾ ಮತ್ತು ನಿಯಂತ್ರಣ ಸಾಲದು ಅಂತ. ಪಟ್ಟಿ ಮೊದಲ ಮೆಟ್ಟಿಲು, ಒಪ್ಪುತ್ತೇನೆ. ಯೂರೋಪಿನವರೂ ಹಾಗೆಯೇ ಒಂದೊಂದೇ ಒತ್ತಡ ಹಾಕಿದ್ದು. 2015ರಲ್ಲಿ ಮಾರಿಟೇನಿಯಾ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಬೇರೆ ದೇಶದ ಹಡಗುಗಳ ಜೊತೆಗಿನ ಒಪ್ಪಂದಗಳನ್ನೂ ನೀವು ಬಹಿರಂಗ ಮಾಡಬೇಕು ಅಂತ ಒಂದು ಷರತ್ತು ಸೇರಿಸಿದರು. ಹಣ ಕೊಡುವವರು ಕೇಳಿದಾಗ ಸರ್ಕಾರಗಳು ಬೇಗ ಕೇಳಿಸಿಕೊಳ್ಳುತ್ತವೆ. ನಿಮ್ಮ ಕೆರೆಗೆ ಸರ್ಕಾರದ ಯೋಜನೆಯಿಂದ ಮರಿಗೋ ಬಲೆಗೋ ಸಬ್ಸಿಡಿ ಬಂದಿದ್ದರೆ ಆ ದಾರಿಯಲ್ಲೂ ಲೆಕ್ಕ ಕೇಳು ತಂಗಿ.

ಹೊಳೆಸಾಲಿನ ಹುಡುಗಿ

ಮರಿಗೆ ಸಬ್ಸಿಡಿ ಬಂದಿದೆ ಅಂತ ಅಪ್ಪ ಹೇಳುತ್ತಾರೆ, ಯಾರ ಕೈಗೆ ಬಂತು ಅನ್ನುವುದು ಗೊತ್ತಿಲ್ಲ. ಅರ್ಜಿ ಬರೆಯುತ್ತೇವೆ. ಮಾಸ್ತರ್, ಹೇಗೆ ಬರೆಯಬೇಕು ಅಂತ ಒಂದು ಮಾದರಿ ಕೊಟ್ಟರೆ ಅಪ್ಪನ ಕೈಯಲ್ಲೇ ಬರೆಸುತ್ತೇನೆ. ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸುತ್ತಾರಾ?

ಬೆಟಗೇರಿ ಮಾಸ್ತರ, ಗದಗ

ತಿರಸ್ಕರಿಸಲು ನೋಡಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಿಂದ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಆರ್‌ಟಿಐನ ಸೆಕ್ಷನ್ 8(1)(ಜೆ) ತಿದ್ದುಪಡಿ ಆಗಿ 2025ರ ನವೆಂಬರ್‌ನಿಂದ ಜಾರಿಗೆ ಬಂದಿದೆ, ವೈಯಕ್ತಿಕ ಅನ್ನುವ ನೆಪ ಈಗ ಮೊದಲಿಗಿಂತ ಸುಲಭ. ಆದರೆ ಸೆಕ್ಷನ್ 8(2) ಇನ್ನೂ ಇದೆ, ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬೇಕು. ಗುತ್ತಿಗೆ ಪಡೆದವರ ವಿವರ ತಾನಾಗಿ ಪ್ರಕಟಿಸಬೇಕು ಅನ್ನುವ ಸೆಕ್ಷನ್ 4 ಕೂಡ ಇದೆ. ಎರಡನ್ನೂ ಅರ್ಜಿಯಲ್ಲೇ ಬರೆ. ಆಧಾರ್, ಫೋನ್ ನಂಬರ್, ಮನೆ ವಿಳಾಸ ಕೇಳಬೇಡ, ಅದು ನಮಗೆ ಬೇಕಾಗಿಯೂ ಇಲ್ಲ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಲ್ಲಿಂದ 30 ದಿನದ ಒಳಗೆ ಮೊದಲ ಮೇಲ್ಮನವಿ. ಗುತ್ತಿಗೆಗೆ ಒಂದು ಅರ್ಜಿ, ಸಬ್ಸಿಡಿಗೆ ಒಂದು, ಸಂಘದ ಆಡಿಟ್‌ಗೆ ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಒಂದು. ಹೀಗೆ ಮೂರು ಬೇರೆ ಬೇರೆ ಮಾಡಿ. ಮೊದಲನೆಯದು ಹೀಗಿರಲಿ:

"ನಮ್ಮ ಗ್ರಾಮದ ಕೆರೆಯ ಮೀನು ಪಾಶುವಾರು ಹಕ್ಕನ್ನು ಈಗಿನ ಅವಧಿಗೆ ವಿಲೇವಾರಿ ಮಾಡಿದ ಆದೇಶದ ಪ್ರತಿ, ಒಪ್ಪಂದದ ಕರಾರು ಪತ್ರದ ಪ್ರತಿ, ವರ್ಷವಾರು ಕಟ್ಟಿದ ಗುತ್ತಿಗೆ ಹಣದ ರಸೀದಿಗಳ ಪ್ರತಿ, ಹಾಗೂ ಒಳಗುತ್ತಿಗೆ ಕೊಡಲು ಅನುಮತಿ ನೀಡಿದ್ದರೆ ಆ ಆದೇಶದ ಪ್ರತಿ, ನೀಡಿಲ್ಲದಿದ್ದರೆ ಹಾಗೆಂದು ಲಿಖಿತ ಉತ್ತರ ಕೊಡಬೇಕಾಗಿ ಕೋರಿಕೆ. ಇದು ಸೆಕ್ಷನ್ 4(1)(ಬಿ)ಯ 13ನೇ ಅಂಶದಂತೆ ಕಚೇರಿ ತಾನಾಗಿ ಪ್ರಕಟಿಸಬೇಕಾದ ಮಾಹಿತಿ. ಸಾರ್ವಜನಿಕ ಕೆರೆಯ ಗುತ್ತಿಗೆ ಆದ್ದರಿಂದ ಸೆಕ್ಷನ್ 8(2) ಕೂಡ ಅನ್ವಯಿಸುತ್ತದೆ. ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ, ಸಮಯ ತಿಳಿಸಿ."

ಒಳಗುತ್ತಿಗೆಯ ಸಾಲು ಬಿಡಬೇಡಿ. ಅನುಮತಿ ಕೊಟ್ಟಿದ್ದೇವೆ ಅಂದರೆ ಕಾಗದ ತೋರಿಸಬೇಕು. ಕೊಟ್ಟಿಲ್ಲ ಅಂದರೆ ಕೆರೆ ಮೇಲೆ ಆ ಗುತ್ತಿಗೆದಾರರು ಯಾವ ಹಕ್ಕಿನಲ್ಲಿ ನಿಂತಿದ್ದಾರೆ ಅನ್ನುವುದನ್ನು ಅಪ್ಪ ಮುಂದಿನ ಗ್ರಾಮಸಭೆಯಲ್ಲಿ ಆ ಉತ್ತರ ಹಿಡಿದೇ ಕೇಳಬಹುದು, ಠರಾವಿನಲ್ಲಿ ಬರೆಸಬಹುದು. ಕಡತ ನೋಡಲು ಹೋಗುವಾಗ ಸಂಘದ ಇನ್ನಿಬ್ಬರು ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಫೋಟೊ ತೆಗೆಯಲು ಬಿಡದಿದ್ದರೆ ಕಡತದ ಪುಟ ಸಂಖ್ಯೆ ಬರೆದುಕೊಂಡು ಆ ಪುಟಗಳ ನಕಲು ಕೇಳಿ. ಉತ್ತರ ಬಂದ ಮೇಲೆ ಹೆಸರುಗಳನ್ನು ತೆಗೆದು ಇಲ್ಲಿ ಹಾಕು, ಮೇಲ್ಮನವಿ ಬೇಕಾದರೆ ಕೂತು ಬರೆಯೋಣ.